ಮಾಸ್ಟರಮ್ಮನ ಎಡಗೈ

“ದಿನಾ ಒಂದಿಷ್ಟು ಮಾಡಿ ಗೆದ್ದವರ ಕಥೆ ಹೇಳಿದ್ರಿ. ದಿನಾ ಅಷ್ಟೇ ಮಾಡಿ ಸೋತವರನ್ನ ಯಾರಾದ್ರೂ ಎಣಿಸಿದ್ದಾರಾ?”

ಕೇಳಿದವರು, ನಾನು ಬಾಡಿಗೆಗಿದ್ದ ಮನೆಯ ಕೆಳಗಡೆಯ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಹೆಂಗಸು. ಅಳತೆ ತೆಗೆದು, ಬಟ್ಟೆಯ ಮೇಲೆ ಗೆರೆ ಎಳೆದು, ಕತ್ತರಿಸಿ ಕೊಡುವವರನ್ನು ಆ ಕಸುಬಿನಲ್ಲಿ ಮಾಸ್ಟರ್ ಎನ್ನುತ್ತಾರೆ. ಹೊಲಿಯುವವರು ಅವರು ಕೊಟ್ಟದ್ದನ್ನು ಜೋಡಿಸುತ್ತಾರೆ. ಇವರನ್ನು ಬೀದಿಯವರೆಲ್ಲ ಮಾಸ್ಟರಮ್ಮ ಎಂದು ಕರೆಯುತ್ತಿದ್ದರು. ಒಟ್ಟಿಗೆ ವಾಸವಿದ್ದ ತಂಗಿಯೂ ಹೊರಗಿನವರ ಎದುರು ಹಾಗೆಯೇ ಹೇಳುತ್ತಿದ್ದರು.

ಅವರ ಬಲಗೈಯ ಪ್ಲಾಸ್ಟರ್ ತೆಗೆದ ವಾರ ನಾನು ಒಂದು ಡಬ್ಬಿ ಬಿಸ್ಕತ್ತು ಹಿಡಿದು ನೋಡಲು ಹೋಗಿದ್ದೆ. ಸಮಾಧಾನದ ಮಾತು ಏನೂ ತೋಚದೆ, ಆ ದಿನಗಳಲ್ಲಿ ಓದುತ್ತಿದ್ದ ಪುಸ್ತಕವೊಂದರ ಸಾರವನ್ನು ಒಪ್ಪಿಸಿದೆ. ದೊಡ್ಡ ಗುರಿಗಳು ಸಂಕಲ್ಪದ ಬಲದಿಂದ ಕೈಗೂಡುವುದಿಲ್ಲ, ದಿನವೂ ತಪ್ಪದೆ ಮಾಡುವ ಚಿಕ್ಕ ಕೆಲಸದಿಂದ ಕೈಗೂಡುತ್ತವೆ ಎಂಬುದು ಅದರ ವಾದ. ನಡುವೆ ಬಾಯಿ ಹಾಕದೆ ಅವರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು ಈ ಪ್ರಶ್ನೆ ಹಾಕಿದರು. ಸೋತವರು ಸಂಶೋಧಕರ ಪ್ರಶ್ನಾವಳಿಯನ್ನು ತುಂಬಿ ಹಿಂದಿರುಗಿಸುವುದಿಲ್ಲ, ಅವರನ್ನು ಹುಡುಕಿಕೊಂಡು ಹೋಗುವವರೂ ಕಡಿಮೆ ಎಂದು ನಾನು ಒಪ್ಪಿಕೊಳ್ಳಬೇಕಾಯಿತು. “ಹಾಗಾದ್ರೆ ಪುಸ್ತಕದವರಿಗೂ ಗೊತ್ತಿಲ್ಲ ಅನ್ನಿ” ಎನ್ನುತ್ತ ಅವರು ಎಡಗೈಯಲ್ಲಿ ಬಿಸ್ಕತ್ತು ಮುರಿದರು. ಅಂದಿನಿಂದ ನಾನು ಅವರ ಬಾಯಲ್ಲಿ ‘ಪುಸ್ತಕದವರು’ ಆದೆ.

ಕೈಗಾದ ಅಪಘಾತ ನೋಡುವುದಕ್ಕೆ ಸಣ್ಣದು. ಅಂಗಡಿಯ ಮೇಲಿನ ಹಲಗೆಯಿಂದ, ಕೋಟಿನ ಒಳಪದರಕ್ಕೆ ಹಾಕುವ ಅಸ್ತರು ಬಟ್ಟೆಯ ಥಾನು ಇಳಿಸುತ್ತಿದ್ದಾಗ ಸ್ಟೂಲು ವಾಲಿತು, ಬೀಳುವಾಗ ಬಲಗೈ ಊರಿದರು, ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡರೂ ನರಕ್ಕೆ ಬಿದ್ದ ಪೆಟ್ಟು ಹಾಗೆಯೇ ಉಳಿಯಿತು. ಹೆಬ್ಬೆರಳಿನ ತುದಿ ತೋರುಬೆರಳಿನ ತುದಿಯನ್ನು ಮುಟ್ಟುತ್ತಿರಲಿಲ್ಲ. ಆ ಕೈಯಿಂದ ಲೋಟ ಹಿಡಿಯಬಹುದಿತ್ತು, ಬಾಗಿಲು ತಳ್ಳಬಹುದಿತ್ತು. ಗುಂಡುಸೂಜಿ ಎತ್ತಲು, ಕತ್ತರಿ ನಡೆಸಲು ಆಗುತ್ತಿರಲಿಲ್ಲ. ವರ್ಷದೊಳಗೆ ಅಷ್ಟಿಷ್ಟು ಶಕ್ತಿ ಮರಳಬಹುದು ಎಂದು ವೈದ್ಯರು ಹೇಳಿದ್ದರು. ‘ಅಷ್ಟಿಷ್ಟು’ ಎನ್ನುವಾಗ ಅವರ ದನಿ ತಗ್ಗಿದ್ದನ್ನು ತಂಗಿ ಗಮನಿಸಿದ್ದರು.

ಮೂವತ್ತೊಂದು ವರ್ಷ ಮಾಸ್ಟರಮ್ಮ ಒಂದೇ ಮೇಜಿನ ಬಳಿ ನಿಂತು ದುಡಿದವರು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು. ಅವರ ಎತ್ತರಕ್ಕೆ ಸರಿಹೋಗಲೆಂದು ಅದರ ಕಾಲುಗಳ ಕೆಳಗೆ ಮರದ ಚಕ್ಕೆ ಇಟ್ಟಿದ್ದರು. ಹೊಲಿಯುವ ನಾಲ್ವರು ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಕಿಟಕಿ ಮೇಜಿನ ಪಾಲಿಗಿತ್ತು. ಆ ಅಂಗಡಿಯಲ್ಲಿ ಬೀದಿಯನ್ನು ನೋಡುತ್ತ ಕೆಲಸ ಮಾಡುವ ಹಕ್ಕಿದ್ದದ್ದು ಒಬ್ಬರಿಗೇ.

ಯಜಮಾನರು ಕೆಟ್ಟವರಲ್ಲ, ಆದರೆ ಕೆಲಸ ನಿಲ್ಲುವಂತಿರಲಿಲ್ಲ. ಹಿಂದೆ ಎರಡು ಕಸುಬುಗಳಿಗೆ ಕೈಹಾಕಿ ಎರಡರಲ್ಲೂ ನೆಲೆ ನಿಲ್ಲದ ಅಳಿಯನೊಬ್ಬ ಅವರಿಗಿದ್ದ. ಅವನನ್ನು ಮೇಜಿನ ಬಳಿ ನಿಲ್ಲಿಸಿದರು. ಮಾಸ್ಟರಮ್ಮನ ಮನೆಗೆ ತಾವೇ ಬಂದು ವಿಷಯ ತಿಳಿಸಿದರು.

“ಆರು ತಿಂಗಳು ಅಳಿಯ ನೋಡ್ಕೊಳ್ತಾನೆ. ಅಷ್ಟರಲ್ಲಿ ಕೈ ಬಂದ್ರೆ ಮೇಜು ನಿಮ್ದು. ಬರದಿದ್ರೆ ನನ್ನನ್ನ ಬೈಕೋಬೇಡಿ ಮಾಸ್ಟರಮ್ಮ.”

“ಯಾವ ಕೈ ಅಂತ ನೀವು ಹೇಳಲಿಲ್ಲ.”

ಯಜಮಾನರು ಇದನ್ನು ತಮಾಷೆಯೆಂದೇ ತಿಳಿದು ನಕ್ಕರು. ಮೇಜು ತಪ್ಪಿದರೆ ಬೇರೆ ದಾರಿಯೇನಿದೆ ಎಂಬುದು ಮನೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಹೊಲಿಯುವುದಕ್ಕೂ ಗುಂಡಿ ಹಾಕುವುದಕ್ಕೂ ಬಲಗೈಯ ಬೆರಳುಗಳು ಬೇಕು. ಗಿರಾಕಿಗಳ ಅಳತೆಯನ್ನು ಪುಸ್ತಕಕ್ಕೆ ಬರೆದುಕೊಳ್ಳಲು ಒಂದು ಕುರ್ಚಿ ಹಾಕಿಸಿಕೊಡುತ್ತೇನೆಂದು ಯಜಮಾನರು ಹೊರಡುವಾಗ ಮೆಲ್ಲಗೆ ಸೂಚಿಸಿದರು. ಕೂತು ತನಗೆ ಅಭ್ಯಾಸವಿಲ್ಲ ಎಂದು ಮಾಸ್ಟರಮ್ಮ ಉತ್ತರಿಸಿದರು.

ಮರುದಿನ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಚಹಾದ ನೀರು ಒಲೆಯ ಮೇಲಿದ್ದಾಗ, ಅಡುಗೆಮನೆಯ ಗೋಡೆಗೊರಗಿದ ಪುಟ್ಟ ಮೇಜಿನ ಮೇಲೆ ಹಳೆಯ ದಿನಪತ್ರಿಕೆಯ ಒಂದು ಹಾಳೆ ಹರಡಿ, ಎರಡು ಕಾಲಮ್ಮುಗಳ ನಡುವಿನ ಗೆರೆಯ ಮೇಲೆ ಎಡಗೈಯಿಂದ ಕತ್ತರಿ ನಡೆಸತೊಡಗಿದರು. ಕತ್ತರಿಗಳನ್ನು ಬಲಗೈಯವರಿಗೆಂದೇ ಮಾಡುತ್ತಾರೆಂಬುದು ಬಲಗೈಯವರಿಗೆ ತಿಳಿಯುವುದೇ ಇಲ್ಲ. ಬಲಗೈಯ ಹಿಡಿತ ತಾನಾಗಿ ಎರಡು ಅಲಗುಗಳನ್ನು ಒಂದಕ್ಕೊಂದು ಒತ್ತುತ್ತದೆ, ಎಡಗೈಯ ಹಿಡಿತ ಅವನ್ನು ಅಗಲಿಸುತ್ತದೆ. ಕಾಗದ ಕತ್ತರಿಸಿಕೊಳ್ಳದೆ ನಡುವೆ ಮಡಚಿಕೊಳ್ಳುತ್ತದೆ. ಸಾಲದ್ದಕ್ಕೆ ಮೇಲಿನ ಅಲಗು ಗೆರೆಯನ್ನೇ ಮರೆಮಾಡುತ್ತದೆ. ಮೊದಲ ದಿನದ ಹಾಳೆಯನ್ನು ನಾನು ಆಮೇಲೆ ನೋಡಿದ್ದೇನೆ. ಅದನ್ನು ಕತ್ತರಿಸಿದ್ದು ಎನ್ನುವುದಕ್ಕಿಂತ ಅಗಿದದ್ದು ಎನ್ನುವುದು ಸರಿ.

ದಿನಕ್ಕೆ ಒಂದೇ ಹಾಳೆ. ಅದಕ್ಕಿಂತ ಹೆಚ್ಚಿಗೆ ಅವರು ಒಪ್ಪುತ್ತಿರಲಿಲ್ಲ. ತಂಗಿಗೆ ಇದು ಅರ್ಥವಾಗಲಿಲ್ಲ. ಆರೇ ತಿಂಗಳ ಗಡುವಿರುವಾಗ ಇಡೀ ಬೆಳಗ್ಗೆಯನ್ನು ಅದಕ್ಕೆ ಮುಡಿಪಿಡಬಾರದೇಕೆ ಎಂದು ದುಂಬಾಲು ಬಿದ್ದರು.

“ಎರಡನೇದನ್ನ ಸಿಟ್ಟಲ್ಲಿ ಕತ್ತರಿಸ್ತೀನಿ ಕಣೇ,” ಎಂದರು ಅಕ್ಕ. “ಆಮೇಲೆ ಕೈಗೆ ಸಿಟ್ಟಿನದೇ ಅಭ್ಯಾಸ ಆಗುತ್ತೆ.”

ತಂಗಿ ಪಟ್ಟು ಸಡಿಲಿಸಿದರೂ ಬಾಯಿ ಸುಮ್ಮನಿರಲಿಲ್ಲ. ಪತ್ರಿಕೆಯ ಸಂಪಾದಕರಿಗಿಂತ ತಮ್ಮಕ್ಕನೇ ಸುದ್ದಿಗೆ ಹೆಚ್ಚು ಕತ್ತರಿ ಹಾಕುತ್ತಾಳೆಂದು ಅಕ್ಕಪಕ್ಕದವರೆದುರು ಹೇಳಿಕೊಂಡು ತಿರುಗಿದರು. ಐದನೆಯ ವಾರ, ಮಾಸ್ಟರಮ್ಮ ತರಿಸಿಕೊಂಡ, ಎಡಗೈಯವರಿಗೆಂದೇ ಮಾಡಿದ ಕತ್ತರಿಯೊಂದು ಅಂಚೆಯಲ್ಲಿ ಬಂತು. ಬೀದಿಯಲ್ಲಿ ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದಕ್ಕೆ ಸಾಣೆ ಹಿಡಿಯಬೇಕಾದರೆ ತಾನೂ ಚಕ್ರದ ಆಚೆ ಬದಿಗೆ ಕೂರಬೇಕೆಂದು ಗೊಣಗಿದನಂತೆ.

ಮಾಸ್ಟರಮ್ಮ ಪ್ರತಿ ಹಾಳೆಗೂ ದಿನಾಂಕ ಬರೆದು, ವಾರಕ್ಕೊಂದು ಕಟ್ಟಿನಂತೆ ದಾರ ಸುತ್ತಿ ಇಡುತ್ತಿದ್ದರು. ನಾನು ಕೇಳಿ ತೆಗೆದುಕೊಂಡು, ಒಂದೊಂದು ಹಾಳೆಯಲ್ಲೂ ಹತ್ತು ಕಡೆ, ಅಚ್ಚಾದ ಗೆರೆಗೂ ಕತ್ತರಿ ಹೋದ ದಾರಿಗೂ ನಡುವಿನ ಅಂತರವನ್ನು ಅಳೆದೆ. ಮೊದಲ ವಾರದ ಸರಾಸರಿ ಐದು ಮಿಲಿಮೀಟರು. ಆರನೆಯ ವಾರಕ್ಕೆ ಅದು ಒಂದೂವರೆಗೆ ಇಳಿದಿತ್ತು. ಆದರೆ ಹೊಸ ಕತ್ತರಿ ಬಂದದ್ದೂ ಆ ಹೊತ್ತಿಗೇ ಆದ್ದರಿಂದ ಇಳಿಕೆಯಲ್ಲಿ ಕೈಯ ಪಾಲೆಷ್ಟು, ಕಬ್ಬಿಣದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಅಲ್ಲಿಂದ ಮುಂದೆ ನಲವತ್ತಕ್ಕೂ ಹೆಚ್ಚು ದಿನ ಅಂಕಿ ಕದಲಲಿಲ್ಲ. ದಿನನಿತ್ಯದ ಸಾಧನೆಯನ್ನು ಹೊಗಳುವ ಪುಸ್ತಕಗಳಲ್ಲಿ ಗೆರೆ ಒಂದೇ ಸಮನೆ ಏರುತ್ತದೆ. ನನ್ನ ಚೌಕುಳಿ ಕಾಗದದ ಮೇಲೆ ಅದು ನೆಲದ ಹಾಗೆ ಮಲಗಿತ್ತು. ತೋರಿಸಬಾರದಿತ್ತೇನೋ, ತೋರಿಸಿದೆ.

“ನಂಗೂ ಗೊತ್ತಾಗಿದೆ, ನೀವು ಗೀಟು ಹಾಕೋದು ಬೇಕಾಗಿರಲಿಲ್ಲ” ಎಂದಷ್ಟೇ ಅವರು ಹೇಳಿದ್ದು. ಮರುದಿನ ಏಳು ಹತ್ತಕ್ಕೆ ಹಾಳೆ ಹರಡಿದರು. ಮೂರನೆಯ ತಿಂಗಳ ಕೊನೆಯಲ್ಲಿ, ನನಗೆ ಕಾಣುವ ಯಾವ ಕಾರಣವೂ ಇಲ್ಲದೆ, ಒಂದೇ ವಾರದಲ್ಲಿ ಅಂತರ ಅರ್ಧ ಮಿಲಿಮೀಟರಿಗೆ ಇಳಿಯಿತು. ಇದು ಅಭ್ಯಾಸದ ಫಲವೆಂದು ಸಾಬೀತುಮಾಡಲು ಅಭ್ಯಾಸ ಮಾಡದ ಇನ್ನೊಂದು ಎಡಗೈ, ಇನ್ನೊಬ್ಬ ಮಾಸ್ಟರಮ್ಮ ಬೇಕಾಗುತ್ತಿತ್ತು. ಅದಾದ ಮೇಲೆ ಅವರು ನೇರ ಗೆರೆಗಳನ್ನು ಬಿಟ್ಟು ಹಾಳೆಯಲ್ಲಿ ತೋಳಿನ ಆಕಾರಗಳನ್ನು ಕತ್ತರಿಸತೊಡಗಿದರು. ಅವು ನನ್ನ ಅಡಿಪಟ್ಟಿಗೆ ದಕ್ಕುವಂಥವಾಗಿರಲಿಲ್ಲ, ಅಳೆಯುವುದನ್ನು ನಿಲ್ಲಿಸಿದೆ.

ಈ ನಡುವೆ ಅಂಗಡಿಯ ಅಳಿಯ ವಾರಕ್ಕೆರಡು ಸಲ ಮಾಸ್ಟರಮ್ಮನ ಮನೆಗೆ ಬರುತ್ತಿದ್ದ. ಕಾಲರು ಎದ್ದು ನಿಲ್ಲುತ್ತಿಲ್ಲ, ಹೆಗಲು ಜಾರುತ್ತಿದೆ, ಏನು ಮಾಡಲಿ ಎಂದು ಕೇಳುತ್ತಿದ್ದ. ಇವರು ಏನನ್ನೂ ಮುಚ್ಚಿಡದೆ ಹೇಳಿಕೊಡುತ್ತಿದ್ದರು. ನಿನ್ನ ಜಾಗಕ್ಕೆ ಬಂದು ನಿಂತವನಿಗೆ ನೀನೇ ಪಾಠ ಹೇಳುತ್ತೀಯಲ್ಲ ಎಂದು ತಂಗಿ ಮೂಗು ಮುರಿದರೆ, “ಹೇಳದಿದ್ರೆ ಬಟ್ಟೆ ಹಾಳಾಗುತ್ತೆ. ಬಟ್ಟೆ ಏನು ಮಾಡಿದೆ ಪಾಪ?” ಎಂಬ ಉತ್ತರ ಬರುತ್ತಿತ್ತು.

ಆರನೆಯ ತಿಂಗಳು ಮುಗಿಯುತ್ತ ಬಂದಾಗ ಯಜಮಾನರು ಪರೀಕ್ಷೆಯ ಮಾತೆತ್ತಿದರು: ಮುಂದೆ ಬರುವ ಮೊದಲ ಕೋಟನ್ನು ಮಾಸ್ಟರಮ್ಮ ಕತ್ತರಿಸಲಿ, ನೋಡಿ ತೀರ್ಮಾನಿಸೋಣ. ಬಂದವರು ಹತ್ತಿರದ ಶಾಲೆಯಿಂದ ನಿವೃತ್ತರಾದ ಮುಖ್ಯೋಪಾಧ್ಯಾಯಿನಿ. ಎಲ್ಲರ ಬಾಯಲ್ಲಿ ಹೆಡ್‌ಮೇಡಂ. ಗುಂಡಿಯೊಂದು ಅರ್ಧ ಬೆರಳು ಸರಿದಿದ್ದಕ್ಕೆ ಒಂದೇ ಜಾಕೀಟನ್ನು ಮೂರು ಸಲ ಹಿಂದಕ್ಕೆ ಕಳಿಸಿದ್ದವರು. ಮಾಸ್ಟರಮ್ಮ ಟೇಪು ಹಿಡಿದು ಅಳತೆ ತೆಗೆದರು, ಅಳಿಯ ಬರೆದುಕೊಂಡ. ವಾರದ ನಂತರ ಹೆಡ್‌ಮೇಡಂ ಬೂದು ಬಣ್ಣದ ದಪ್ಪ ಉಣ್ಣೆಯ ಬಟ್ಟೆ ತಂದುಕೊಟ್ಟರು. ಅಳತೆಗೆ ಸರಿಯಾಗಿ ಇತ್ತು. ತಪ್ಪಿದರೆ ಮತ್ತೆ ಕತ್ತರಿಸಲು ಒಂದು ಗೇಣೂ ಉಳಿಯುವಂತಿರಲಿಲ್ಲ.

ಆ ದಿನ ನಡೆದದ್ದನ್ನು ನನಗೆ ಹೇಳಿದವನು ಅಳಿಯ. ತೆಳು ಬಟ್ಟೆಯಾದರೆ ಎರಡು ಪದರವಾಗಿ ಮಡಚಿ ಎರಡೂ ತೋಳುಗಳನ್ನು ಒಮ್ಮೆಗೇ ಕತ್ತರಿಸುತ್ತಾರೆ; ಎಡ ಬಲ ತಾವಾಗಿ ಬರುತ್ತವೆ. ದಪ್ಪ ಬಟ್ಟೆಯನ್ನು ಒಂದೇ ಪದರದಲ್ಲಿ ಹಾಸಬೇಕು: ಕಾಗದದ ಅಚ್ಚನ್ನು ಇಟ್ಟು ಒಂದು ತೋಳು ಕತ್ತರಿಸಿ, ಅಚ್ಚನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಮಾಸ್ಟರಮ್ಮ ಬೆನ್ನು, ಎದೆ, ಕಾಲರು ಮುಗಿಸಿ ಕೊನೆಗೆ ತೋಳಿಗೆ ಬಂದರು. ಅಚ್ಚು ಇಟ್ಟರು, ಸೀಮೆಸುಣ್ಣದ ಗೆರೆ ಎಳೆದರು, ಕತ್ತರಿಸಿದರು. ಮತ್ತೆ ಇಟ್ಟರು, ಎಳೆದರು, ಕತ್ತರಿಸಿದರು. ಅಂಚು ಒಂದೆಡೆಯೂ ಹಲ್ಲು ಬಿಟ್ಟಿರಲಿಲ್ಲ. ಯಜಮಾನರ ಮುಖ ಅರಳಿತ್ತು. ತುಂಡುಗಳನ್ನು ಜೋಡಿಸಿಡಲೆಂದು ಅಳಿಯ ಎರಡು ತೋಳುಗಳನ್ನು ಒಂದರ ಮೇಲೊಂದು ಇಟ್ಟ. ಒಂದರ ಬಾಗು ಆ ಕಡೆಗೂ ಇನ್ನೊಂದರ ಬಾಗು ಈ ಕಡೆಗೂ ಇರಬೇಕಿತ್ತು. ಇವು ನೂಲೆಳೆಯ ವ್ಯತ್ಯಾಸವಿಲ್ಲದೆ ಒಂದರ ಮೇಲೊಂದು ಕೂತವು.

“ಮಾಸ್ಟರಮ್ಮ, ಎರಡೂ ಎಡಗೈದು” ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. ಆ ಮಾತಿನಿಂದ ತನಗೇ ಲಾಭವಾಗಬೇಕಿತ್ತು, ಆದರೂ ಅದು ತನ್ನ ಬಾಯಿಂದ ಬರಬಾರದಿತ್ತು ಅನ್ನಿಸಿತು ಎಂದು ನನ್ನ ಬಳಿ ಒಪ್ಪಿಕೊಂಡಿದ್ದಾನೆ.

ಯಂತ್ರಗಳು ಒಂದೊಂದಾಗಿ ನಿಂತವು. ಗೋಡೆಯ ಕಡೆಯಿಂದ ಯಾರೋ, ಹೆಡ್‌ಮೇಡಂಗೆ ಎರಡು ಎಡಗೈ ಇದೆಯೇನೋ ವಿಚಾರಿಸಿ ಎಂದರು. ಯಜಮಾನರು ಕನ್ನಡಕ ಹಾಕಿಕೊಂಡು ಬಂದು ನೋಡಿದರು, ಕನ್ನಡಕ ತೆಗೆದರು. ಮಾಸ್ಟರಮ್ಮ ಒಂದು ತೋಳನ್ನು ಎತ್ತಿ ಮಗುಚಿದರು. ಕಿಟಕಿಯ ಬೆಳಕಿಗೆ ಹಿಡಿದು ಉಗುರಿನಿಂದ ಗೀರಿದರು. ತಂದು ಇನ್ನೊಂದರ ಪಕ್ಕದಲ್ಲಿಟ್ಟರು. ಈಗ ಒಂದು ಎಡ, ಒಂದು ಬಲ.

“ಎರಡು ಮೈಯೂ ಒಂದೇ ಥರ ಇದೆ” ಎಂದರು.

ಸಾಮಾನ್ಯವಾಗಿ ಕೋಟಿನ ಬಟ್ಟೆಗೆ ಒಳಮೈ ಹೊರಮೈ ಎಂಬ ಭೇದವಿರುತ್ತದೆ. ಮಗುಚಿದರೆ ಕುರುಡನಿಗೂ ತಿಳಿಯುತ್ತದೆ. ಈ ಬೂದು ಬಟ್ಟೆಗೆ ಅದಿರಲಿಲ್ಲ. ಯಜಮಾನರು ಬೆರಳಿನಿಂದ ಸವರಿ ಸವರಿ ನೋಡಿ, ಕಡೆಗೆ ಉಸಿರು ಬಿಟ್ಟರು.

“ಅದೃಷ್ಟ ಗಟ್ಟಿ ಇದೆ ನಿಮ್ದು.”

“ಇರಬೇಕು.”

ಕೋಟನ್ನು ಹೊಲಿದು ಕೊಟ್ಟರು. ಹೆಡ್‌ಮೇಡಂ ಅದನ್ನು ಒಂದು ಸಲವೂ ಹಿಂದಕ್ಕೆ ಕಳಿಸಲಿಲ್ಲ. ಅಂಗಡಿಯ ನೆನಪಿನಲ್ಲಿ ಅದೇ ಮೊದಲು. ಮುಂದಿನ ವಾರ ಮಾಸ್ಟರಮ್ಮ ಮೇಜಿಗೆ ಮರಳಿದರು, ಅಳಿಯ ಅವರ ಕೈಕೆಳಗೆ ಕಲಿಯಲು ನಿಂತ.

ಬೆಳಗಿನ ಹಾಳೆಯನ್ನು ಅವರು ಅಂದೇ ಕೈಬಿಟ್ಟರು. ಅಷ್ಟು ದಿನದ ರೂಢಿಯನ್ನು ಅಷ್ಟು ಸಲೀಸಾಗಿ ಬಿಡಬಹುದೇ ಎಂದು ನಾನು ಕೇಳಿದ್ದಕ್ಕೆ, ಹೊಲಿದಾದ ಮೇಲೂ ಸೂಜಿಯನ್ನು ಕೋಟಿನಲ್ಲೇ ಬಿಡುತ್ತಾರೆಯೇ ಎಂದು ತಿರುಗಿ ಕೇಳಿದರು. ಆದರೆ ಆ ತಪ್ಪು ಏಕಾಯಿತು ಎಂಬುದು ಅವರನ್ನು ತಿಂಗಳುಗಟ್ಟಲೆ ಕೊರೆಯಿತು. ಒಂದು ದಿನ, ಅಳಿಯ ದಪ್ಪ ಬಟ್ಟೆ ಕತ್ತರಿಸುವುದನ್ನು ನೋಡುತ್ತಿದ್ದಾಗ ಉತ್ತರ ಸಿಕ್ಕಿತು. ಬಲಗೈಯವರು ಮೊದಲ ತೋಳು ಮುಗಿಸಿ, ಎರಡನೆಯದಕ್ಕೆ ಮೇಜಿನ ತುದಿ ಬಳಸಿ ಆಚೆ ಬದಿಗೆ ಹೋಗಬೇಕು. ಮೂವತ್ತೊಂದು ವರ್ಷ ಅವರು ಹಾಗೆ ನಡೆಯುತ್ತಿದ್ದಾಗ ಕಾಗದದ ಅಚ್ಚು ಅವರ ಕೈಯಲ್ಲಿ ತಾನಾಗಿ ಮಗುಚಿಕೊಳ್ಳುತ್ತಿತ್ತು. ಎಡಗೈಗೆ ಆ ನಡಿಗೆ ಬೇಡ; ನಿಂತಲ್ಲಿಂದಲೇ ಎರಡನೆಯದನ್ನು ಕತ್ತರಿಸಬಹುದು. ಮಗುಚಬೇಕೆಂಬ ನೆನಪು ಅವರ ತಲೆಯಲ್ಲಿ ಎಂದೂ ಇರಲಿಲ್ಲ, ಕಾಲಿನಲ್ಲಿತ್ತು. ನಡಿಗೆ ತಪ್ಪಿದಾಗ ಅದೂ ತಪ್ಪಿತು.

ಅದಾದ ಮೇಲೆ ಅವರು ಮೊದಲ ತೋಳು ಮುಗಿಸಿದೊಡನೆ, ಅಗತ್ಯವಿಲ್ಲದಿದ್ದರೂ, ಮೇಜಿಗೆ ಒಂದು ಪೂರ್ತಿ ಸುತ್ತು ಬಂದು ನಿಂತಲ್ಲಿಗೇ ಮರಳುವ ಕ್ರಮ ಇಟ್ಟುಕೊಂಡರು. ಎರಡೂ ತೋಳು ಒಂದೇ ಕೈಯದಾಗಿ ಮತ್ತೆ ಬರಲಿಲ್ಲ. ಅಳಿಯ ಅವರಿಂದ ಕಲಿತವನಾದ್ದರಿಂದ, ಬಲಗೈಯವನಾದರೂ, ಒಂದು ಸುತ್ತು ಹಾಕಿ, ಅದರ ಮೇಲೆ ತನಗೆ ಬೇಕಾದ ಅರ್ಧ ಸುತ್ತನ್ನೂ ನಡೆಯುತ್ತಾನೆ. ಏಕೆಂದು ಕೇಳಿದರೆ, ಮಾಸ್ಟರಮ್ಮ ಹಾಗೇ ಮಾಡುತ್ತಿದ್ದರು ಎನ್ನುತ್ತಾನೆ.

ಸಣ್ಣ ಅಭ್ಯಾಸಗಳ ಮಹಿಮೆಯನ್ನು ಯಾರಾದರೂ ಸಾರಿದಾಗಲೆಲ್ಲ ನಾನು ಈ ಕಥೆ ಹೇಳುತ್ತಿದ್ದೆ. ನೂರೆಂಬತ್ತು ದಿನದ ಹಾಳೆಗಳು ಆಕೆಗೆ ಶುದ್ಧವಾದ ಅಂಚನ್ನು ಕೊಟ್ಟವು, ನಿಜ; ಮೇಜನ್ನು ಕೊಟ್ಟದ್ದು ಗಿರಾಕಿಯೊಬ್ಬರು ಆಕಸ್ಮಿಕವಾಗಿ ಆರಿಸಿದ ಬಟ್ಟೆ. ಅದು ಬೇರೆ ಬಟ್ಟೆಯಾಗಿದ್ದರೆ ಆಕೆಯೂ ಯಾರೂ ಎಣಿಸದ ಸೋತವರ ಸಾಲಿಗೆ ಸೇರುತ್ತಿದ್ದರು. ಮಾಸ್ಟರಮ್ಮನ ಎದುರಿಗೇ ಎರಡು ಮೂರು ಸಲ ಹೀಗೆ ಹೇಳಿದ್ದೇನೆ. “ಪುಸ್ತಕದವರು ಹೇಳಿದ ಮೇಲೆ ಸರಿ ಇರಲೇಬೇಕು” ಎನ್ನುತ್ತ ಅವರು ಅಳತೆಯ ಟೇಪನ್ನು ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದರು.

ಮೇಜಿನ ಬಳಿ ಅವರು ಇನ್ನೂ ಒಂಬತ್ತು ವರ್ಷ ನಿಂತರು. ಹತ್ತನೆಯ ವರ್ಷದ ಮೊದಲಲ್ಲಿ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿ ನಾಲ್ಕನೆಯ ದಿನ ತೀರಿಕೊಂಡರು. ಮೇಜು ಅಳಿಯನಿಗೆ ಬಂತು.

ಆ ವರ್ಷದ ಚಳಿಗಾಲದಲ್ಲಿ ಹೆಡ್‌ಮೇಡಂ ಅಸ್ತರು ಬದಲಿಸಲೆಂದು ಬೂದು ಕೋಟನ್ನು ಅಂಗಡಿಗೆ ತಂದರು. ನಾನು ಅಲ್ಲಿದ್ದೆ. ಕೋಟನ್ನು ಕಂಡು, ನೀವು ಅಕಸ್ಮಾತ್ತಾಗಿ ತಂದ ಬಟ್ಟೆ ಅವರನ್ನು ಉಳಿಸಿತು ಎಂದೆ. ತಪ್ಪು ಲೆಕ್ಕ ಬರೆದ ವಿದ್ಯಾರ್ಥಿಯನ್ನು ನೋಡುವಂತೆ ಅವರು ನನ್ನನ್ನು ನೋಡಿದರು.

“ಅಕಸ್ಮಾತ್ತು ಅಂತ ಯಾರು ಹೇಳಿದ್ದು ನಿಮಗೆ?”

ಅಳತೆ ತೆಗೆದ ಮೂರನೆಯ ದಿನ ಸಂಜೆ ಮಾಸ್ಟರಮ್ಮ ಅವರ ಮನೆಗೆ ಹೋಗಿದ್ದರಂತೆ. ಮೇಡಂ ಆರಿಸಲೆಂದು ಬಟ್ಟೆಯಂಗಡಿಯಿಂದ ಮೂರು ಬಟ್ಟೆ ತರಿಸಿಟ್ಟುಕೊಂಡಿದ್ದರು; ಮನಸ್ಸು ನೀಲಿಯ ಮೇಲಿತ್ತು. ಮಾಸ್ಟರಮ್ಮ ಮೂರನ್ನೂ ಒಂದೊಂದಾಗಿ ಮಗುಚಿ ನೋಡಿ ಬೂದು ಬಣ್ಣದ್ದರ ಮೇಲೆ ಕೈಯಿಟ್ಟರು.

“ಇದು ಹೊಸ ಕೈ ಮೇಡಂ. ಮನೇಲಿ ಪೇಪರಲ್ಲಿ ಎಪ್ಪತ್ತೆರಡು ಜೋಡಿ ತೋಳು ಕತ್ತರಿಸಿದೀ‌ನಿ. ಒಂಬತ್ತು ಸಲ ಎರಡೂ ಒಂದೇ ಕೈದು ಬಂದಿದೆ. ಯಾಕೆ ಅಂತ ಗೊತ್ತಾಗ್ತಿಲ್ಲ. ಇದಾದ್ರೆ ಮಗುಚಿ ಹಾಕಬಹುದು. ನಿಮಗೆ ನೀಲಿನೇ ಬೇಕು ಅಂದ್ರೆ ಅಳಿಯಂದಿರು ಕತ್ತರಿಸಲಿ, ಯಜಮಾನರಿಗೆ ನಾನೇ ಹೇಳ್ತೀನಿ.”

ಮೇಡಂ ನೀಲಿ ಬಟ್ಟೆಯನ್ನು ಮರುದಿನ ಬಟ್ಟೆಯಂಗಡಿಗೆ ಹಿಂದಿರುಗಿಸಿದರು.